ಕ್ಯಾಂಪಸ್ಸಿಗೆ ಚೆರ್ರಿ ಬೇಕೆನ್ನುವವರಿಗೆ

ಫೆಬ್ರವರಿ ಕಾಲಿಟ್ಟರೆ ಸಾಕು, ಬೆಂಗಳೂರಿನ ರಸ್ತೆಬದಿಯಲ್ಲಿ ಎಲೆಯೆಲ್ಲ ಉದುರಿಸಿ ನಸುಗೆಂಪು ಹೂ ಹೊತ್ತು ನಿಂತ ಮರಗಳ ಚಿತ್ರಗಳು ನಮ್ಮ ಹಾಸನ ಜಿಲ್ಲೆಯ ಮೊಬೈಲುಗಳಲ್ಲೂ ಓಡಾಡತೊಡಗುತ್ತವೆ. ಅದರ ಬೆನ್ನಿಗೇ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳಲ್ಲಿ, ಹಳೆ ವಿದ್ಯಾರ್ಥಿ ಸಂಘಗಳಲ್ಲಿ, ನ್ಯಾಕ್ ತಂಡ ಬರುವ ವರ್ಷವಾದರೆ ಪ್ರಾಂಶುಪಾಲರ ಕೊಠಡಿಯಲ್ಲೂ ಒಂದು ಮಾತು ಏಳುತ್ತದೆ: ನಮ್ಮ ಕ್ಯಾಂಪಸ್ಸಿನಲ್ಲೂ ಒಂದು ಚೆರ್ರಿ ಸಾಲು ಇರಬೇಕು. ಆಸೆ ಒಳ್ಳೆಯದೇ. ಕಾಲೇಜೆಂದರೆ ಕಟ್ಟಡ, ಕಾಂಪೌಂಡು, ಪಾರ್ಕಿಂಗ್ ಎಂದಷ್ಟೇ ಆಗಿರುವ ಈ ದಿನಗಳಲ್ಲಿ ಹೂಮರ ಬೇಕು ಅನ್ನಿಸುವುದೇ ದೊಡ್ಡದು. ಆದರೆ ಅರಸೀಕೆರೆ, ಬೇಲೂರು, ಹಳೇಬೀಡಿನ ನೆಲದಲ್ಲಿ ಅದು ಕೈಗೂಡಬೇಕಾದರೆ ಸಸಿ ಕೊಳ್ಳುವ ಮೊದಲು ಒಂದಿಷ್ಟು ಲೆಕ್ಕ ಹಾಕಬೇಕು. ಮಳೆಯ ಲೆಕ್ಕ, ಬಿಸಿಲಿನ ಲೆಕ್ಕ, ಮೂರು ಬೇಸಿಗೆ ನೀರು ಹಾಕುವವರು ಯಾರು ಎಂಬ ಲೆಕ್ಕ.

ಮೊದಲು ಒಂದು ಗೊಂದಲ ಬಗೆಹರಿಯಲಿ. ಬೆಂಗಳೂರಿನಲ್ಲಿ ಜನ ಚೆರ್ರಿ ಎಂದು ಕರೆಯುವ ಮರ ಚೆರ್ರಿಯಲ್ಲ. ಅದು ಟಬೆಬುಯಾ ರೋಸಿಯಾ, ಮಧ್ಯ ಅಮೆರಿಕದ ಕಡೆಯ ಮರ, ಎಲ್ ಸಾಲ್ವಡಾರ್ ದೇಶದ ರಾಷ್ಟ್ರವೃಕ್ಷ. ನಮ್ಮ ಆಕಾಶಮಲ್ಲಿಗೆಯ ಕುಟುಂಬಕ್ಕೆ ಸೇರಿದ್ದು. ಜಪಾನಿನವರು ಕೆಳಗೆ ಚಾಪೆ ಹಾಸಿ ಕೂರುವ ಸಕುರಾ ಗುಲಾಬಿಯ ಕುಟುಂಬದ್ದು. ಸೇಬು, ಪೀಚ್, ಬಾದಾಮಿ ಅದರ ನೆಂಟರು. ಎರಡೂ ಎಲೆಯಿಲ್ಲದ ಕೊಂಬೆಯಲ್ಲಿ ಹೂ ಬಿಡುತ್ತವೆ ಎಂಬುದನ್ನು ಬಿಟ್ಟರೆ ಅವುಗಳ ಬದುಕಿನ ಕ್ರಮವೇ ಬೇರೆ. ಆ ವ್ಯತ್ಯಾಸ ತಿಳಿದವರಿಗೆ ನಮ್ಮೂರಿನ ಕ್ಯಾಂಪಸ್ಸಿನಲ್ಲಿ ಏನು ನೆಡಬೇಕು ಎಂಬ ಪ್ರಶ್ನೆ ಅರ್ಧ ಪರಿಹಾರವಾದಂತೆ.

ಚೆರ್ರಿಯ ಹೂಮೊಗ್ಗು ಹುಟ್ಟುವುದು ಹೂ ಬಿಡುವ ಹಿಂದಿನ ಬೇಸಿಗೆಯಲ್ಲೇ. ಚಳಿ ಬಂದೊಡನೆ ಮೊಗ್ಗು ಬಾಗಿಲು ಹಾಕಿಕೊಂಡು ಮಲಗುತ್ತದೆ. ನಡುಚಳಿಯಲ್ಲಿ ಎರಡು ದಿನ ಬಿಸಿಲು ಕಾಯ್ದರೆ ಮೋಸಹೋಗಿ ಅರಳಬಾರದಲ್ಲ, ಅದಕ್ಕೆ ಮರದೊಳಗೆ ಒಂದು ಎಣಿಕೆ ನಡೆಯುತ್ತಿರುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ ಗಂಟೆಗಳು ಇಷ್ಟಾದವು ಎಂದು ತುಂಬಿ ಬಂದ ಮೇಲೆಯೇ ಅದು ಬಿಸಿಲಿಗೆ ಓಗೊಡುವುದು. ಹಣ್ಣಿನ ಚೆರ್ರಿಯ ಹಲವು ತಳಿಗಳಿಗೆ ಈ ಎಣಿಕೆ ಸಾವಿರ ಗಂಟೆಯ ಆಸುಪಾಸು ಬೇಕು. ಅದಕ್ಕೇ ನಮ್ಮ ದೇಶದಲ್ಲಿ ಚೆರ್ರಿ ಬೆಳೆ ಕಾಶ್ಮೀರ, ಹಿಮಾಚಲದಂಥ ಕಡೆ ನಿಂತಿದೆ. ಚಳಿ ಸಾಲದ ಕಡೆ ನೆಟ್ಟರೆ ಮರ ತಕ್ಷಣ ಸಾಯಲಿಕ್ಕಿಲ್ಲ. ಆದರೆ ಒಂದು ಕೊಂಬೆ ಚಿಗುರಿದರೆ ಇನ್ನೊಂದು ಬೋಳಾಗಿರುತ್ತದೆ, ಹೂ ಅಲ್ಲೊಂದು ಇಲ್ಲೊಂದು ಬಂದು ಹೋಗುತ್ತದೆ, ವರ್ಷದಿಂದ ವರ್ಷಕ್ಕೆ ಗಿಡ ಸೊರಗುತ್ತದೆ.

ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ಜನವರಿಯ ರಾತ್ರಿಗಳು ಸಾಮಾನ್ಯವಾಗಿ 13, 14 ಡಿಗ್ರಿಯವರೆಗೆ ಇಳಿಯುತ್ತವೆ, ಅಪರೂಪಕ್ಕೆ ಹತ್ತರ ಕೆಳಗೂ ಹೋಗುತ್ತವೆ. ನಮಗೆ ಅದು ಕಂಬಳಿಯ ಚಳಿ. ಚೆರ್ರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಶಿಲ್ಲಾಂಗಿನ ಉದಾಹರಣೆ ಕೊಡುವವರಿದ್ದಾರೆ. ಅಲ್ಲಿ 2016ರಿಂದ ನವೆಂಬರಿನಲ್ಲಿ ಚೆರ್ರಿ ಹೂವಿನ ಉತ್ಸವ ನಡೆಯುತ್ತಿದೆ, ಆ ಮರವೂ ಹಿಮಾಲಯದ ಕಾಡುಚೆರ್ರಿ, ನಿಜವಾದ ಚೆರ್ರಿಯೇ. ಆದರೆ ಆ ಊರು ಸುಮಾರು 1,500 ಮೀಟರ್ ಎತ್ತರದಲ್ಲಿ, ನಮಗಿಂತ ಬಹಳ ಉತ್ತರದಲ್ಲಿ, ನಮ್ಮಲ್ಲಿಲ್ಲದ ಚಳಿಯಲ್ಲಿದೆ. ನಮ್ಮ ಪಶ್ಚಿಮಘಟ್ಟದ ನಿತ್ಯಹಸಿರು ಕಾಡಿನಲ್ಲೂ ಚೆರ್ರಿಯ ದಾಯಾದಿ ಒಂದಿದೆ, ಶಾಸ್ತ್ರಜ್ಞರು ಅದನ್ನು ಪ್ರೂನಸ್ ಸಿಲಾನಿಕಾ ಎನ್ನುತ್ತಾರೆ. ಅದು ದೊಡ್ಡಕಾಡಿನ ನೆರಳು, ತೇವ ಬಯಸುವ ಮರ. ಹೂ ಸಣ್ಣದು, ಕೆನೆಬಣ್ಣದ್ದು. ಬಯಲಿನ ಕಾಲೇಜಿಗೆ ತಂದು ನಿಲ್ಲಿಸಿದರೆ ಅದಕ್ಕೂ ಕಷ್ಟ, ನಮಗೂ ಕಷ್ಟ. ಆನ್‌ಲೈನಿನಲ್ಲಿ ಚೆರ್ರಿ ಬ್ಲಾಸಮ್ ಎಂದು ಚಿತ್ರ ತೋರಿಸಿ ಮಾರುವ ಸಸಿಗೆ ವಿದ್ಯಾರ್ಥಿಗಳ ದುಡ್ಡು ಹಾಕಬೇಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುವುದು ಇದಕ್ಕೇ.

ಹಾಗಾದರೆ ನಮ್ಮ ಸೀಮೆಯ ಮರಗಳು ಯಾವ ಸುಳಿವು ಹಿಡಿದು ಹೂ ಬಿಡುತ್ತವೆ? ಉತ್ತರ ಬೇಲೂರಿನ ಕಾಫಿ ತೋಟದಲ್ಲಿದೆ. ಅರೇಹಳ್ಳಿ, ಬಿಕ್ಕೋಡು ಕಡೆಯ ಬೆಳೆಗಾರರನ್ನು ಕೇಳಿ, ಅವರಿಗಿಂತ ಚೆನ್ನಾಗಿ ಯಾರೂ ಹೇಳಲಾರರು. ಮಳೆ ನಿಂತ ಮೇಲೆ ಡಿಸೆಂಬರಿನಿಂದ ನೆಲ ಒಣಗುತ್ತಾ ಹೋಗುತ್ತದೆ. ಕಾಫಿಯ ಮೊಗ್ಗು ಕಡ್ಡಿಯ ಗೆಣ್ಣಿನಲ್ಲಿ ಹಸಿರು ಮೂತಿ ಚಾಚಿ ಕಾಯುತ್ತದೆ. ಗಿಡ ಚೆನ್ನಾಗಿ ಬಾಯಾರಿದ ಮೇಲೆ, ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಒಂದಿಂಚು ಹೂಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ಗುಡ್ಡಕ್ಕೆ ಗುಡ್ಡವೇ ಬಿಳಿಯಾಗುತ್ತದೆ. ಅರ್ಧಂಬರ್ಧ ಮಳೆ ಬಿದ್ದರೆ ಮೊಗ್ಗು ಅರ್ಧಂಬರ್ಧ ಅರಳಿ ಬೆಳೆಗಾರನ ಹೊಟ್ಟೆ ಉರಿಸುತ್ತದೆ. ಆಗ ಸ್ಪ್ರಿಂಕ್ಲರ್ ತಿರುಗಿಸುವುದು, ಆಮೇಲೆ ಕಾಯಿ ಕಚ್ಚಿಸುವ ಬ್ಯಾಕಿಂಗ್ ಮಳೆಗೆ ಆಕಾಶ ನೋಡುವುದು. ಜಪಾನಿನಲ್ಲಿ ಚಳಿ ಮಾಡುವ ಕೆಲಸವನ್ನು ನಮ್ಮಲ್ಲಿ ಒಣಹವೆ ಮಾಡುತ್ತದೆ. ಎಲ್ಲ ಗಿಡವನ್ನೂ ಒಟ್ಟಿಗೆ ಕಾಯಿಸಿ ಒಟ್ಟಿಗೆ ಅರಳಿಸುವುದು ಅದೇ. ಮುತ್ತುಗ, ಬೂರುಗ, ಹಾಲುವಾಣ ಎಲ್ಲವೂ ಬೇಸಿಗೆಯ ಬಾಗಿಲಲ್ಲಿ ಎಲೆ ಚೆಲ್ಲಿ ಹೂ ಹೊರುವುದು ಈ ಒಣಹವೆಯ ಲೆಕ್ಕದಲ್ಲೇ. ಟಬೆಬುಯಾ ಬೆಂಗಳೂರಿಗೆ ಒಗ್ಗಿಕೊಂಡಿದ್ದೂ ಅದು ಒಣಕಾಲವಿರುವ ಉಷ್ಣದೇಶದಿಂದ ಬಂದದ್ದರಿಂದ.

ಆದ್ದರಿಂದ ನಮ್ಮ ಕ್ಯಾಂಪಸ್ಸಿನ ಹೂತೋಪನ್ನು ಒಣಕಾಲದ ಸುತ್ತ ಕಟ್ಟಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ನೆಟ್ಟ ಮರಕ್ಕೆ ವರ್ಷವಿಡೀ ನೀರು ಹನಿಸಿ ಹಸಿರಾಗಿಟ್ಟರೆ ಹೂ ಕಡಿಮೆಯಾಗುತ್ತದೆ. ಬೇರೂರಿದ ಮೇಲೆ ಡಿಸೆಂಬರ್ ಜನವರಿಯಲ್ಲಿ ನೀರು ನಿಲ್ಲಿಸುವುದೂ ಯೋಜನೆಯ ಒಂದು ಭಾಗ. ಹುಲ್ಲುಹಾಸಿನ ನಡುವೆ ದಿನಾ ಪೈಪ್ ಹಿಡಿಯುವ ಕಡೆ ಟಬೆಬುಯಾ ನೆಟ್ಟು ಹೂವೇ ಬರಲಿಲ್ಲವಲ್ಲ ಎಂದು ಕೊರಗುವವರು ಇದನ್ನು ಗಮನಿಸಬೇಕು.

ಅರಸೀಕೆರೆಯವರಿಗೆ ಇನ್ನೊಂದು ಮಾತು. ನಿಮ್ಮ ಚೆರ್ರಿ ಈಗಾಗಲೇ ನಿಮ್ಮ ತೋಟದ ಬದುವಿನಲ್ಲಿದೆ. ಬಾಣಾವರ, ಕಣಕಟ್ಟೆ ಕಡೆ ತೆಂಗಿನ ತೋಟದ ಬೇಲಿಸಾಲಿನಲ್ಲಿ ನಿಂತಿರುವ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ. ಸೊಪ್ಪು ಕಡಿದು ತೆಂಗಿನ ಬುಡಕ್ಕೆ ಹಾಕುವುದರಿಂದ ಅದನ್ನು ಯಾರೂ ಹೂಮರವೆಂದು ನೋಡಿಲ್ಲ. ಕತ್ತಿ ಬೀಳದೆ ಎರಡು ವರ್ಷ ಉಳಿದ ಒಂದು ಗಿಡವನ್ನು ಶಿವರಾತ್ರಿಯ ಹೊತ್ತಿಗೆ ಹತ್ತಿರದಿಂದ ನೋಡಿ. ಬೂದುಬಣ್ಣದ ಕೋಲಿನಂಥ ಕೊಂಬೆ, ಅದರ ಮೈಮೇಲೆ ಬಿಳಿ ಚುಕ್ಕೆಗಳು. ಒಂದೂ ಎಲೆಯಿಲ್ಲ. ಕೊಂಬೆಯ ಉದ್ದಕ್ಕೂ ತೊಗರಿ ಹೂವಿನ ಆಕಾರದ ನಸುಗೆಂಪು ಹೂಗೊಂಚಲು, ಪ್ರತಿ ಹೂವಿನ ನಡುವೆ ನಿಂಬೆಹಳದಿಯ ಒಂದು ತಿಲಕ. ಕಪ್ಪು ದುಂಬಿಗಳು ಒಂದು ಹೂವಿನಿಂದ ಇನ್ನೊಂದಕ್ಕೆ ನುಗ್ಗುವಾಗ ಎಸಳು ಬುಡದಲ್ಲಿ ಉದುರುತ್ತಿರುತ್ತದೆ. ಹಿಂದಿನ ವರ್ಷ ಬೆಳೆದು ಬಲಿತ ಕೊಂಬೆಯಲ್ಲೇ ಹೂ ಬರುವುದು, ಹಾಗಾಗಿ ಪ್ರತಿವರ್ಷ ಸವರಿದ ಗಿಡ ಹೂ ತೋರಿಸುವುದಿಲ್ಲ. ಇದೂ ಮಧ್ಯ ಅಮೆರಿಕದಿಂದಲೇ ಬಂದದ್ದು, ಆದರೆ ಬಂದು ನಮ್ಮ ಹೊಲದ ಕೆಲಸಕ್ಕೆ ಕೈಜೋಡಿಸಿದ್ದು. ಸಸಿಗೆ ದುಡ್ಡು ಬೇಡ: ಮುಂಗಾರಿಗೆ ಮುಂಚೆ ನಾಲ್ಕೈದು ಅಡಿಯ ಬಲಿತ ಗೂಟ ಕಡಿದು ಒಂದಡಿ ಆಳಕ್ಕೆ ನೆಟ್ಟರೆ ಚಿಗುರುತ್ತದೆ. ಎರಡು ಮೂರು ವರ್ಷಕ್ಕೆ ಹೂ ಕಾಣಬಹುದು. ಬಯಲುಸೀಮೆಯ ಬಡ ಕಾಲೇಜಿಗೆ ಇದಕ್ಕಿಂತ ಬೇಗ ಕೈಹಿಡಿಯುವ ಹೂಮರ ನನಗೆ ಗೊತ್ತಿಲ್ಲ. ದೋಷವೂ ಇದೆ, ಹೇಳಿಬಿಡುತ್ತೇನೆ: ಮಾರ್ಚಿನ ಬಿಸಿಲಲ್ಲಿ ನೆರಳು ಕೊಡದು, ಬೀಜ ಸಿಡಿದು ಬೇಡದ ಕಡೆ ಹುಟ್ಟುತ್ತದೆ. ಕಾಂಪೌಂಡಿನ ಅಂಚಿಗೆ ಸಾಲಾಗಿ ಇಟ್ಟರೆ ಸಾಕು, ನಡುಕ್ಯಾಂಪಸ್ಸಿಗೆ ಬೇಡ.

ಒಂದೇ ಹೂವಿಗೆ ಕಾಯುವ ಬದಲು ವರ್ಷವಿಡೀ ಒಂದಲ್ಲ ಒಂದು ಮರ ಅರಳಿರುವಂತೆ ನೆಡುವ ಪಾಠವನ್ನು ನಮ್ಮ ರಾಜ್ಯ ಕಲಿತದ್ದು ಗುಸ್ತಾವ್ ಹೆರ್ಮನ್ ಕ್ರುಂಬಿಗಲ್ ಅವರಿಂದ. ಜರ್ಮನಿಯ ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಾಕ್ಕೆ ಬಂದ ತೋಟಗಾರ ಅವರು. 1908ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಲಾಲ್‌ಬಾಗಿಗೆ ಕರೆಸಿಕೊಂಡಿತು. ಬೆಂಗಳೂರಿನ ರಸ್ತೆಗಳಿಗೆ ಅವರು ಮರ ಆರಿಸಿದ್ದು ಹೂವಿನ ಸರದಿಯ ಮೇಲೆ: ಒಂದು ಬೀದಿಯ ಹೂ ಉದುರುವ ಹೊತ್ತಿಗೆ ಮತ್ತೊಂದು ಬೀದಿ ತುಂಬಬೇಕು. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಆ ಸರದಿ ಇನ್ನೂ ನಡೆದಿದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಅದೇ ಊರಿನಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದರು. ಕ್ಯಾಂಪಸ್ಸಿನ ಮಾದರಿ ಬೇಕೆಂದರೆ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನೋಡಬಹುದು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ 1911ರಲ್ಲಿ ಪಾಠ ಶುರುವಾದಾಗ ಅದು ಬಯಲು. ಇಂದು ಅಲ್ಲಿ ಗುಲ್‌ಮೊಹರ್ ಮಾರ್ಗ, ಮಹಾಗನಿ ಮಾರ್ಗ ಎಂದು ರಸ್ತೆಗಳ ಗುರುತೇ ಮರ.

ನಮ್ಮಲ್ಲಿ ದೊಡ್ಡ ಜಾಗ ಹಾಸನದಲ್ಲಿದೆ: ಈಚೆಗೆ ಹಾಸನ ವಿಶ್ವವಿದ್ಯಾಲಯವೆನಿಸಿದ ಹೇಮಗಂಗೋತ್ರಿ, ಕಾರೆಕೆರೆಯ ಕೃಷಿ ಕಾಲೇಜು. ಅರಸೀಕೆರೆ, ಬೇಲೂರಿನ ಪದವಿ ಕಾಲೇಜುಗಳಿಗೆ ಅಷ್ಟು ಎಕರೆಗಳಿಲ್ಲ. ಆದರೆ ಸರದಿ ಹೂವಿಗೆ ಎಕರೆಗಿಂತ ಪಂಚಾಂಗ ಮುಖ್ಯ. ಜನವರಿಯಿಂದ ಮಾರ್ಚ್ ತನಕ ಗೊಬ್ಬರದ ಗಿಡ, ಟಬೆಬುಯಾ, ಮುತ್ತುಗ. ಏಪ್ರಿಲ್ ಮೇ ತಿಂಗಳಲ್ಲಿ ಕಕ್ಕೆಯ ಹಳದಿ ಗೊಂಚಲು, ಹೊಳೆದಾಸವಾಳದ ನೇರಳೆಗೆಂಪು. ಮಳೆಗಾಲದಲ್ಲಿ ಸಂಪಿಗೆ. ಅಕ್ಟೋಬರಿನಿಂದ ಡಿಸೆಂಬರ್ ವರೆಗೆ ಆಕಾಶಮಲ್ಲಿಗೆ, ಬೆಳಗಿನ ಮೊದಲ ತರಗತಿಗೆ ಬರುವವರು ಅದನ್ನು ತುಳಿಯದೆ ದಾಟಲಾರರು. ಇದರ ಜೊತೆ ಕಾಲೇಜಿನ ಕ್ಯಾಲೆಂಡರನ್ನು ಇಟ್ಟು ನೋಡಬೇಕು. ಪರೀಕ್ಷೆ, ರಜೆಯಲ್ಲಿ ಒಳಾವರಣ ಖಾಲಿಯಾಗುವ ತಿಂಗಳುಗಳ ಹೂ ಗೇಟಿನ ಕಡೆ, ಊರಿನ ರಸ್ತೆಗೆ ಕಾಣುವಂತೆ ಇರಲಿ; ಬಸ್ಸಿಗೆ ಕಾಯುವವರಾದರೂ ನೋಡುತ್ತಾರೆ. ತರಗತಿಗಳು ತುಂಬಿರುವ ತಿಂಗಳುಗಳ ಹೂ ಗ್ರಂಥಾಲಯದ ಮುಂದೆ, ಕ್ಯಾಂಟೀನಿನ ದಾರಿಯಲ್ಲಿ ಇರಲಿ.

ನಮ್ಮ ಮೂರು ಊರುಗಳು ನಕಾಶೆಯಲ್ಲಿ ಪಕ್ಕಪಕ್ಕದವು. ಮಳೆಯಲ್ಲಿ ಮಾತ್ರ ಬೇರೆ ಬೇರೆ ಸೀಮೆಯವು. ಅರಸೀಕೆರೆಗೆ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು, ಅದೂ ಘಟ್ಟದ ಮಳೆನೆರಳಿನಲ್ಲಿ, ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್ ಅಕ್ಟೋಬರಿನಲ್ಲೊಮ್ಮೆ ಜೋರು. ಬೇಲೂರಿನಲ್ಲಿ ಪಶ್ಚಿಮಕ್ಕೆ ಹೋದಂತೆ ಮಳೆ ಏರುತ್ತದೆ, ಜೂನ್ ಜುಲೈ ಆಗಸ್ಟ್ ಪೂರ್ತಿ ಜಡಿ. ಹಳೇಬೀಡು ಇವೆರಡರ ನಡುವೆ. ಹಾಗಿರುವಾಗ ಮೂರೂ ಕಡೆ ಜುಲೈ ಮೊದಲ ವಾರ ವನಮಹೋತ್ಸವವೆಂದು ಒಂದೇ ದಿನ ಗುಂಡಿಗಿಳಿಸುವುದು ಸರಿಯಲ್ಲ. ಬೇಲೂರಿನಲ್ಲಿ ಮೃಗಶಿರ, ಆರಿದ್ರಾ ಮಳೆಗೆ ನೆಟ್ಟದ್ದಕ್ಕೆ ಬೇರೂರಲು ನಾಲ್ಕು ತಿಂಗಳು ಸಿಗುತ್ತದೆ. ಅರಸೀಕೆರೆಯಲ್ಲಿ ಪುಷ್ಯ, ಆಶ್ಲೇಷದ ಗಾಳಿಗೆ ಎಳೆಸಸಿ ಸೊರಗುತ್ತದೆ. ಅಲ್ಲಿ ಆಗ ಕೈನೀರು ಕೊಡುವ ತಾಕತ್ತಿಲ್ಲದಿದ್ದರೆ ಉತ್ತರೆ, ಹಸ್ತದ ಮಳೆವರೆಗೆ ಕಾಯುವುದೇ ಮೇಲು, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರ. ಕಾರ್ಯಕ್ರಮದ ಫೋಟೊ ಎರಡು ತಿಂಗಳು ತಡವಾದರೆ ಆಗುವ ನಷ್ಟವೇನೂ ಇಲ್ಲ.

ಮರದ ಆಯ್ಕೆಯೂ ಊರಿಗೆ ತಕ್ಕಂತೆ ಬೇರೆಯಾಗಲಿ. ಅರಸೀಕೆರೆಯ ಕೆಂಪು ಜಾಳುಮಣ್ಣಿಗೆ ಮುತ್ತುಗ, ಕಕ್ಕೆ, ಹೊಂಗೆ, ಗೊಬ್ಬರದ ಗಿಡ. ಮುತ್ತುಗ ನಿಧಾನದ ಮರ, ಹೂ ಕಾಣಲು ಹತ್ತು ವರ್ಷ ದಾಟಬಹುದು. ಅದರ ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ಚೀಲದಲ್ಲಿ ಬೆಳೆಸಿ ತಂದರೆ ಮುನಿಸಿಕೊಳ್ಳುತ್ತದೆ. ಮೇ ಜೂನ್‌ನಲ್ಲಿ ಉದುರುವ ಚಪ್ಪಟೆ ಕಾಯಿಯ ತುದಿಯಲ್ಲಿರುವ ಒಂದೇ ಬೀಜವನ್ನು ಇರಬೇಕಾದ ಜಾಗದಲ್ಲೇ ಊರಿಬಿಡುವುದು ಒಳ್ಳೆಯದು. ಬೇಲೂರಿಗೆ ಹೊಳೆದಾಸವಾಳ, ಸಂಪಿಗೆ, ಸುರಗಿ ಒಗ್ಗುತ್ತವೆ. ಬಿಕ್ಕೋಡು, ಅರೇಹಳ್ಳಿ ಕಡೆ ಆನೆ ಓಡಾಟವಿರುವ ಶಾಲೆ ಕಾಲೇಜುಗಳು ನೆರಳಿಗೆಂದು ಹಲಸು ಮಾತ್ರ ನೆಡಬಾರದು, ಹಣ್ಣಿನ ವಾಸನೆಗೆ ಆನೆ ಕಾಂಪೌಂಡ್ ಒಡೆದು ಒಳಬಂದೀತು. ಹಳೇಬೀಡು, ಬೇಲೂರಿನ ದೇವಾಲಯಗಳ ಸುತ್ತ ಇನ್ನೊಂದು ಎಚ್ಚರ ಬೇಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯವೆಂದು ಕಟ್ಟಡ ಕೆಲಸಕ್ಕೆ ಕಾನೂನಿದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವಪರಂಪರೆಯ ಪಟ್ಟಿಗೂ ಸೇರಿವೆ. ನೆಲದಡಿ ರಾಜಧಾನಿಯೇ ಹೂತಿರುವ ಊರಿನಲ್ಲಿ ಗಿಡದ ಗುಂಡಿಯಾದರೂ ಸರಿ, ಪುರಾತತ್ವ ಇಲಾಖೆಯನ್ನು ಮೊದಲೇ ಕೇಳಿ ತೋಡುವುದು ಲೇಸು.

ಚೆರ್ರಿ ಎಂಬ ಹೆಸರಿನದೇ ಬೇಕು ಎಂದು ಹಟ ಹಿಡಿದವರಿಗೆ ಸಿಂಗಪುರ ಚೆರ್ರಿ ಇದೆ, ನಮ್ಮ ಮಕ್ಕಳ ಗಸಗಸೆ ಹಣ್ಣಿನ ಮರ. ಬೇಗ ಬೆಳೆಯುತ್ತದೆ, ಬಿಳಿ ಹೂ, ಕೆಂಪು ಸಿಹಿ ಹಣ್ಣು, ಹಗಲಿಗೆ ಹಕ್ಕಿ, ರಾತ್ರಿಗೆ ಬಾವಲಿ. ಬೈಕು ನಿಲ್ಲಿಸುವ ಕಡೆ ನೆಟ್ಟರೆ ಮಾತ್ರ ಸೀಟೆಲ್ಲ ಅಂಟು.

ಇನ್ನು ವಿನ್ಯಾಸ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಚೆರ್ರಿ ಅಂಗಳ ಜಗತ್ಪ್ರಸಿದ್ಧ. ಅಲ್ಲಿರುವುದು ಸುಮಾರು 30 ಮರ ಅಷ್ಟೇ, 1960ರ ದಶಕದಲ್ಲಿ ಬೇರೆ ಕಡೆಯಿಂದ ತಂದು ನೆಟ್ಟವು. ಆ ಸಣ್ಣ ಸಂಖ್ಯೆಯೇ ಅಷ್ಟು ಕಣ್ತುಂಬುವುದಕ್ಕೆ ಕಾರಣ ಜಾಗದ ಆಯ್ಕೆ. ನಾಲ್ಕೂ ಕಡೆ ಇಟ್ಟಿಗೆಯ ಕಟ್ಟಡ, ನಡುವೆ ಹುಲ್ಲು, ಹುಲ್ಲನ್ನು ಹಾದುಹೋಗುವ ಕಾಲುದಾರಿಗಳು. ನಡೆಯುವವರು ಹೂವಿನ ನಡುವೆಯೇ ಹಾದುಹೋಗಬೇಕು, ಹಿಂದೆ ಕಟ್ಟಡದ ಗಾಢಬಣ್ಣ ಇರುವುದರಿಂದ ತೆಳುಬಣ್ಣದ ಹೂ ಎದ್ದು ಕಾಣುತ್ತದೆ. ನಮ್ಮಲ್ಲಿ ಈ ಹಿನ್ನೆಲೆಯ ವಿಚಾರ ಯಾರೂ ಎತ್ತುವುದಿಲ್ಲ. ಮಾರ್ಚಿನ ನಮ್ಮ ಆಕಾಶ ಬಿಳಿಚಿಕೊಂಡಿರುತ್ತದೆ, ಕಟ್ಟಡಕ್ಕೆ ತಿಳಿಹಳದಿ ಸುಣ್ಣ. ಅದರ ಮುಂದೆ ನಸುಗೆಂಪು ಹೂ ಕರಗಿಹೋಗುತ್ತದೆ. ಹೂಸಾಲಿನ ಹಿಂದೆ ಮಾವು, ನೇರಳೆಯಂಥ ಕಡುಹಸಿರಿನ ಮರಗಳ ಇನ್ನೊಂದು ಸಾಲು ಬಂದರೆ ಮಾತ್ರ ಬಣ್ಣ ನಿಲ್ಲುತ್ತದೆ. ಬೇಸಿಗೆಯಲ್ಲಿ ಕೂರಲು ನೆರಳೂ ಆಗುತ್ತದೆ.

ಅಂತರದ ವಿಷಯದಲ್ಲಿ ಜಿಪುಣತನ ಬೇಡ. ಟಬೆಬುಯಾಕ್ಕೆ, ಹೊಳೆದಾಸವಾಳಕ್ಕೆ 8 ಮೀಟರ್, ಕಕ್ಕೆಗೆ 6 ಮೀಟರ್, ಕಟ್ಟಡದಿಂದ 5, 6 ಮೀಟರಾದರೂ ದೂರ. ತಲೆಯ ಮೇಲೆ ವಿದ್ಯುತ್ ತಂತಿಯಿದ್ದರೆ ಅಲ್ಲಿ ಮರವೇ ಬೇಡ. ಗುಲ್‌ಮೊಹರ್ ಚೆಂದವೇ, ಆದರೆ ಅದರ ಬೇರು ಮೇಲ್ಮೇಲೆ, ಕೊಂಬೆ ಪೆಡಸು. ಮೇ ತಿಂಗಳ ಗುಡುಗುಮಳೆಯ ಗಾಳಿಗೆ ಮೊದಲು ಮುರಿಯುವುದು ಅದು. ಮಕ್ಕಳು ನಿಲ್ಲುವ ಕಡೆ ಅದನ್ನು ನೆಡಬಾರದು.

ಒಂದೇ ಜಾತಿಯ ಮರ ಸಾಲಾಗಿ ಇದ್ದರೆ ನೋಟ ದೊಡ್ಡದು, ಅಪಾಯವೂ ದೊಡ್ಡದು. ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರಕ್ಕೆ ಜಪಾನ್ ಕಳಿಸಿದ ಮೊದಲ 2,000 ಚೆರ್ರಿ ಗಿಡಗಳಲ್ಲಿ ಕೀಟ, ರೋಗ ಕಂಡು 1910ರಲ್ಲಿ ಅವನ್ನು ಸುಡಬೇಕಾಯಿತು. ಅಲ್ಲಿನ ಚೆರ್ರಿ ಸಾಲಿಗೆ ಬುನಾದಿಯಾದದ್ದು 1912ರಲ್ಲಿ ಮತ್ತೆ ಬಂದ 3,020 ಗಿಡಗಳು. ಅಷ್ಟು ದೂರ ಹೋಗುವುದೇಕೆ, ಅರಸೀಕೆರೆಯ ರೈತರನ್ನು ಕೇಳಿ. ತೆಂಗೊಂದನ್ನೇ ನಂಬಿದ ಸೀಮೆಗೆ 1990ರ ದಶಕದ ಕೊನೆಯಿಂದ ನುಸಿಪೀಡೆ ಬಂದಾಗ ಕಾಯಿ ಹೇಗೆ ಸೊಟ್ಟಗಾಗಿ ಸಣ್ಣಗಾಯಿತು, ಕಪ್ಪುತಲೆ ಹುಳು ಬಿದ್ದಾಗ ಗರಿಗಳು ಹೇಗೆ ಸುಟ್ಟಂತಾದವು ಎಂದು ಅವರು ಹೇಳುತ್ತಾರೆ. ಅಮೆರಿಕದ ವೃಕ್ಷವಿಜ್ಞಾನಿ ಫ್ರಾಂಕ್ ಸ್ಯಾಂಟಮೂರ್ 1990ರಲ್ಲಿ ಒಂದು ಸೂತ್ರ ಕೊಟ್ಟರು: ಒಟ್ಟು ಮರಗಳಲ್ಲಿ ಒಂದೇ ಜಾತಿಯವು ನೂರಕ್ಕೆ 10 ಮೀರಬಾರದು, ಹತ್ತಿರದ ಬಳಗದವು 20, ಒಂದೇ ಕುಟುಂಬದವು 30. ಸಣ್ಣ ಕಾಲೇಜಿಗೆ ಇದು ಬಿಗಿಯಾಯಿತು ಎನ್ನಿಸಿದರೆ ಒಂದು ದಾರಿಯನ್ನಾದರೂ ಒಂದೇ ಹೂವಿಗೆ ಬಿಟ್ಟು ಉಳಿದ ಕಡೆ ಬೆರಕೆ ಮಾಡಿಕೊಳ್ಳಬಹುದು.

ಬೆರಕೆಗೆ ನಮ್ಮ ಶಿಲ್ಪಿಗಳ ಸಾಕ್ಷಿಯೂ ಇದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರು ಎಲೆಬಳ್ಳಿಯ ಚಪ್ಪರದ ಕೆಳಗೆ ನಿಂತಿದ್ದಾರೆ. ಒಬ್ಬಳ ತಲೆಯ ಮೇಲಿನ ಚಪ್ಪರದಲ್ಲಿ ಹಣ್ಣೊಂದಿದೆ, ಹಣ್ಣಿನ ಮೇಲೆ ನೊಣ ಕೂತಿದೆ, ಅದನ್ನು ಹಿಡಿಯಲು ಹಲ್ಲಿ ಹೊಂಚು ಹಾಕಿದೆ. ಕೆಳಗೆ ನಿಂತು ನೋಡುವವರ ಕಣ್ಣಿಗೆ ಸುಲಭವಾಗಿ ಬೀಳದಷ್ಟು ಎತ್ತರದಲ್ಲಿ ಅಷ್ಟು ಸಣ್ಣದನ್ನು ಕೆತ್ತಿದವನಿಗೆ ಮರದ ಜೊತೆ ಬದುಕುವ ಜೀವಗಳು ಗೊತ್ತಿದ್ದವು. ಬರೀ ಹೂವಿನ ಫೋಟೊಕ್ಕೆಂದು ನೆಟ್ಟ ಸಾಲಿನಲ್ಲಿ ಹತ್ತು ದಿನ ಸಂಭ್ರಮ, ಉಳಿದ ದಿನ ಏನೂ ಇಲ್ಲ. ಹೊಂಗೆಯಲ್ಲಿ ಜೇನು, ನೇರಳೆಯಲ್ಲಿ ಕೋಗಿಲೆ, ಮುತ್ತುಗದಲ್ಲಿ ಗೊರವಂಕ ಇರುವ ಕ್ಯಾಂಪಸ್ಸಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಪಾಠಕ್ಕೂ ಅನುಕೂಲ.

ಗುಂಡಿಯ ಕೆಲಸ ಏಪ್ರಿಲಿನಲ್ಲೇ ಆಗಬೇಕು. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಅರಸೀಕೆರೆಯ ಗಟ್ಟಿನೆಲದಲ್ಲಿ ಮೂರಡಿಯಾದರೆ ಇನ್ನೂ ಒಳ್ಳೆಯದು. ತೆಗೆದ ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಇನ್ನೊಂದು ಕಡೆ. ಒಂದು ತಿಂಗಳು ಗುಂಡಿ ಬಿಸಿಲುಣ್ಣಲಿ. ತುಂಬುವಾಗ ಮೇಲ್ಮಣ್ಣಿನ ಜೊತೆ ಕೊಟ್ಟಿಗೆ ಗೊಬ್ಬರ, ಗೆದ್ದಲಿಗೆ ತಡೆಯಾಗಿ ಒಂದಿಷ್ಟು ಬೇವಿನ ಹಿಂಡಿ. ತೆಂಗಿನ ಸೀಮೆಯವರಿಗೆ ಇನ್ನೊಂದು ಅನುಕೂಲವಿದೆ, ಕಾಯಿ ಸುಲಿದ ಸಿಪ್ಪೆ. ಗುಂಡಿಯ ತಳದಲ್ಲಿ ಒಳಮೈ ಮೇಲಾಗುವಂತೆ ಸಿಪ್ಪೆ ಜೋಡಿಸಿದರೆ ಒಂದೊಂದೂ ನೀರು ಹಿಡಿದುಕೊಳ್ಳುತ್ತದೆ. ತೆಂಗಿನ ಬುಡಕ್ಕೆ ನಮ್ಮ ರೈತರು ಮಾಡುವುದೂ ಇದನ್ನೇ. ಸಸಿ ಕೊಳ್ಳುವಾಗ ಗೇಣುದ್ದದ ಸಣ್ಣ ಚೀಲದ್ದು ಬೇಡ. ಅರಣ್ಯ ಇಲಾಖೆಯ ನರ್ಸರಿಯಲ್ಲಿ 14×20 ಚೀಲದಲ್ಲಿ ಎರಡು ವರ್ಷ ಬೆಳೆದ, ಆಳೆತ್ತರದ ಸಸಿ ಕೇಳಿ. ದನ ಆಡಿನ ಬಾಯಿಗೆ ಎಟುಕದಷ್ಟು ಎತ್ತರ ಬಂದ ಗಿಡ ಅರ್ಧ ಗೆದ್ದಂತೆ.

ನೀರಿನ ಲೆಕ್ಕಕ್ಕೆ ಬರೋಣ. ಗೇಟಿನಿಂದ ಕಟ್ಟಡದವರೆಗೆ 300 ಮೀಟರ್ ದಾರಿ ಇದೆ ಎನ್ನಿ. 8 ಮೀಟರಿಗೊಂದರಂತೆ ಎರಡೂ ಬದಿ ಸೇರಿ ಸುಮಾರು 75 ಮರ. ಮೊದಲ ಬೇಸಿಗೆ ಒಂದೊಂದಕ್ಕೆ ವಾರಕ್ಕೆ 20 ಲೀಟರ್ ಎಂದರೆ ಒಟ್ಟು 1,500 ಲೀಟರ್. ಡಿಸೆಂಬರಿನಿಂದ ಮೇ ವರೆಗೆ 24 ವಾರಕ್ಕೆ 36,000 ಲೀಟರ್, 5,000 ಲೀಟರಿನ ಟ್ಯಾಂಕರಾದರೆ ಏಳೆಂಟು ಸಲ. ದಿನಾ ಒಂದು ಚೊಂಬು ಚೆಲ್ಲುವುದಕ್ಕಿಂತ ವಾರಕ್ಕೊಮ್ಮೆ ಬುಡ ತುಂಬ ಕೊಟ್ಟರೆ ಬೇರು ಆಳಕ್ಕೆ ಹೋಗುತ್ತದೆ. ಎರಡನೇ, ಮೂರನೇ ಬೇಸಿಗೆ ಹದಿನೈದು ದಿನಕ್ಕೊಮ್ಮೆ ಸಾಕು, ಆಮೇಲೆ ಬೇಡ. ಈ ದುಡ್ಡು ಸಸಿಯ ದುಡ್ಡಿಗಿಂತ ಹೆಚ್ಚು, ಅದನ್ನು ಮೊದಲ ದಿನದ ಅಂದಾಜುಪಟ್ಟಿಯಲ್ಲೇ ಬರೆಯಬೇಕು. ಬರೆಯದ ಯೋಜನೆಯನ್ನು ಆಡಳಿತ ಮಂಡಳಿ ಒಪ್ಪಬಾರದು ಎಂದು ನಾನು ಹೇಳುತ್ತೇನೆ.

ಎಷ್ಟು ನೆಡಬೇಕು ಎಂಬುದಕ್ಕೆ ಸಾಲುಮರದ ತಿಮ್ಮಕ್ಕನವರ ಕ್ರಮಕ್ಕಿಂತ ಒಳ್ಳೆಯ ಮಾದರಿ ಯಾವ ಪುಸ್ತಕದಲ್ಲೂ ಇಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಅವರು, ಅವರ ಪತಿ ಚಿಕ್ಕಯ್ಯ ಬೆಳೆಸಿದ ಆಲದ ಮರಗಳು 385 ಎಂದು ಎಲ್ಲರಿಗೂ ಗೊತ್ತು. ಅವರು ಮೊದಲ ವರ್ಷ ನೆಟ್ಟದ್ದು 10, ಎರಡನೇ ವರ್ಷ 15, ಮೂರನೇ ವರ್ಷ 20. ಮಳೆಗಾಲದಲ್ಲಿ ನೆಟ್ಟು, ಮುಳ್ಳಿನ ಬೇಲಿ ಕಟ್ಟಿ, ಕಿಲೋಮೀಟರುಗಟ್ಟಲೆ ನೀರು ಹೊತ್ತು ಹಾಕಿದರು. ತಮ್ಮ ಕೈಯಲ್ಲಿ ಎಷ್ಟಕ್ಕೆ ನೀರು ಹೊರಲು ಆಗುತ್ತದೋ ಅಷ್ಟೇ ನೆಟ್ಟರು. ಜೂನ್ 5ರಂದು ಒಂದೇ ದಿನ ಸಾವಿರ ಸಸಿ ಎಂದು ಬ್ಯಾನರ್ ಕಟ್ಟುವ ಕಾಲೇಜುಗಳು ಈ ಮೂರು ಅಂಕಿಗಳನ್ನು ಕಚೇರಿಯ ಗೋಡೆಗೆ ಬರೆದುಕೊಳ್ಳಬೇಕು. 75 ಮರದ ದಾರಿಯನ್ನು ಮೂರು ವರ್ಷಕ್ಕೆ ಹಂಚಿ, ವರ್ಷಕ್ಕೆ 25. ಪ್ರತಿವರ್ಷದ ಮೊದಲ ಸೆಮಿಸ್ಟರಿನ ಮಕ್ಕಳಿಗೆ ಅವರ 25 ಗಿಡ. ಪದವಿ ಮುಗಿಸಿ ಹೋಗುವ ಹೊತ್ತಿಗೆ ಅವರ ಗಿಡ ನೀರು ಕೇಳುವುದನ್ನು ನಿಲ್ಲಿಸಿರುತ್ತದೆ.

ಉಳಿಯುವುದು ಬೇಸಿಗೆ ರಜೆಯ ಪ್ರಶ್ನೆ. ಮಕ್ಕಳು ಊರಿಗೆ ಹೋದ ಮೇಲೆ, ಏಪ್ರಿಲಿನಿಂದ ಜೂನ್ ವರೆಗಿನ ಆ ವಾರಗಳಲ್ಲೇ ಹೆಚ್ಚಿನ ಸಸಿಗಳು ಒಣಗುವುದು. ಕಾಲೇಜಿನ ತೋಟದಾಳಿಗೆ ಅಥವಾ ಕಾವಲುಗಾರರಿಗೆ ಆ ತಿಂಗಳುಗಳಿಗೆ ಬೇರೆ ಕೂಲಿ ಗೊತ್ತುಮಾಡಿ, ಯಾವ ಗಿಡಕ್ಕೆ ಯಾವ ದಿನ ನೀರಾಯಿತು ಎಂದು ಒಂದು ಪುಸ್ತಕ ಇಡಬೇಕು. ಅಷ್ಟು ಮಾಡಿದರೂ ಕೆಲವು ಹೋಗುತ್ತವೆ. ಅದಕ್ಕೆಂದೇ ಪ್ರತಿ 25ರ ಜೊತೆ ಅದೇ ವಯಸ್ಸಿನ ಐದು ಸಸಿ ಹೆಚ್ಚಿಗೆ ತಂದು, ಬೋರ್‌ವೆಲ್ ಪಕ್ಕದ ನೆರಳಿನಲ್ಲಿ ದೊಡ್ಡ ಚೀಲದಲ್ಲೇ ಬೆಳೆಸಿಟ್ಟುಕೊಳ್ಳಿ. ಸಾಲಿನಲ್ಲಿ ಹಲ್ಲು ಬಿದ್ದ ಕಡೆ ಮುಂದಿನ ಮಳೆಗೆ ಅಷ್ಟೇ ಎತ್ತರದ ಗಿಡ ಇಡಬಹುದು.